ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಏಕವಾದನದ ಧ್ವನಿವರ್ಧನೆ

ಏಕವಾದನದ ಧ್ವನಿವರ್ಧನೆ ಎಂದರೆ, ವಾದ್ಯವೃಂದದ ನೇರ ಕಾರ್ಯಕ್ರಮದಲ್ಲಿ ಗಿಟಾರ್ ವಾದಕನು ಒಂಟಿಯಾಗಿ ಸ್ವರಗಳನ್ನು ನುಡಿಸುವ ಭಾಗ ಬಂದಾಗ, ಅವನ ವಾದ್ಯದ ಧ್ವನಿಯನ್ನು ಉಳಿದ ವಾದ್ಯಗಳಿಗಿಂತ ಮೇಲಕ್ಕೆತ್ತುವ ಕ್ರಮ. ಸಂಗೀತಗಾರರ ರೂಢಿಯಲ್ಲಿ ಇದನ್ನು ಸೋಲೋ ಬೂಸ್ಟ್ ಎಂದು ಕರೆಯಲಾಗುತ್ತದೆ. ನಿರ್ವಾತ ನಳಿಕೆ, ಅಂದರೆ ವಾಲ್ವ್ ಬಳಸುವ ಆಂಪ್ಲಿಫೈಯರ್‌ಗಳಲ್ಲಿ ಈ ಕೆಲಸ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ವಾಲ್ವ್ ತನ್ನ ಮಿತಿಯನ್ನು ಮುಟ್ಟಿದ ಬಳಿಕ ಸಂಕೇತವನ್ನು ಎಷ್ಟು ಹೆಚ್ಚಿಸಿದರೂ ನಾದದ ಬಣ್ಣ ಬದಲಾಗುತ್ತದೆಯೇ ಹೊರತು ಧ್ವನಿಯ ಪ್ರಮಾಣ ಹೆಚ್ಚುವುದಿಲ್ಲ. ಆದುದರಿಂದ ಧ್ವನಿಯನ್ನು ಎಷ್ಟು ಹೆಚ್ಚಿಸಬೇಕು ಎಂಬುದಕ್ಕಿಂತ ಆಂಪ್ಲಿಫೈಯರ್‌ನ ಯಾವ ಹಂತದಲ್ಲಿ ಹೆಚ್ಚಿಸಬೇಕು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆಯಾಗಿದೆ.

ಹಿನ್ನೆಲೆ

ಎರಡು ವಿದ್ಯುದಗ್ರಗಳ ವಾಲ್ವನ್ನು 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ರೂಪಿಸಿದರು. ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ವಿದ್ಯುದಗ್ರವನ್ನು ಸೇರಿಸಿದ ಮೇಲೆ ದುರ್ಬಲ ವಿದ್ಯುತ್ ಸಂಕೇತವನ್ನು ದೊಡ್ಡದಾಗಿಸಲು ಸಾಧ್ಯವಾಯಿತು. ರೇಡಿಯೊ, ಚಲನಚಿತ್ರ ಮತ್ತು ಸಾರ್ವಜನಿಕ ಸಭೆಗಳ ಧ್ವನಿವರ್ಧಕಗಳೆಲ್ಲವೂ ಮೊದಲಿಗೆ ಈ ತತ್ತ್ವದ ಮೇಲೆಯೇ ನಿಂತವು.

1930ರ ದಶಕದವರೆಗೆ ದೊಡ್ಡ ವಾದ್ಯವೃಂದಗಳಲ್ಲಿ ಗಿಟಾರ್ ಕೇವಲ ತಾಳಕ್ಕೆ ಒತ್ತಾಸೆಯಾಗಿ ಉಳಿದಿತ್ತು. ತುತ್ತೂರಿ, ಸ್ಯಾಕ್ಸೊಫೋನ್ ಮತ್ತು ಡ್ರಮ್‌ಗಳ ನಡುವೆ ಅದರ ತಂತಿಯ ನಾದ ಕೇಳಿಸುತ್ತಿರಲಿಲ್ಲ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಪಿಕಪ್ ಬಂದ ಮೇಲೆ ಈ ಸ್ಥಿತಿ ಬದಲಾಯಿತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್, ಗಿಟಾರನ್ನು ಏಕವಾದನದ ವಾದ್ಯವನ್ನಾಗಿ ನಿಲ್ಲಿಸಿದ ಮೊದಲಿಗರಲ್ಲಿ ಒಬ್ಬರು. ವಿದ್ಯುತ್ ಗಿಟಾರ್ ಪ್ರಚಾರಕ್ಕೆ ಬಂದುದರ ಹಿಂದೆ ಏಕವಾದನವು ಸಭೆಗೆ ಕೇಳಿಸಬೇಕೆಂಬ ಬಯಕೆಯೂ ಇತ್ತು.

1960ರ ದಶಕದಲ್ಲಿ ಸಭಾಂಗಣಗಳೂ ಡ್ರಮ್‌ಗಳ ಅಬ್ಬರವೂ ದೊಡ್ಡದಾದಂತೆ ಆಂಪ್ಲಿಫೈಯರ್‌ಗಳ ಶಕ್ತಿಯೂ ಬೆಳೆಯಿತು. ಬ್ರಿಟನ್ನಿನಲ್ಲಿ 30 ವ್ಯಾಟ್‌ಗಳ ವಾಕ್ಸ್ ಎಸಿ30 ಹಾಗೂ ಆ ಬಳಿಕ 100 ವ್ಯಾಟ್‌ಗಳ ಮಾರ್ಷಲ್ ಪ್ರಸಿದ್ಧವಾದವು. ಇದೇ ಅವಧಿಯಲ್ಲಿ ಡಲ್ಲಾಸ್ ರೇಂಜ್‌ಮಾಸ್ಟರ್‌ನಂತಹ ಪುಟ್ಟ ಬೂಸ್ಟರ್ ಪೆಟ್ಟಿಗೆಗಳು ಬಳಕೆಗೆ ಬಂದವು.

ಆಂಪ್ಲಿಫೈಯರ್‌ನ ರಚನೆ

ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಸಂಕೇತವು ಹಂತ ಹಂತವಾಗಿ ಸಾಗುತ್ತದೆ.

ಪೂರ್ವವರ್ಧಕ: ಗಿಟಾರಿನಿಂದ ಬಂದ ಅತಿ ಸಣ್ಣ ಸಂಕೇತವನ್ನು ಹಿಗ್ಗಿಸುತ್ತದೆ. ಇಲ್ಲಿ ಹೆಚ್ಚಾಗಿ ಇಸಿಸಿ83 ಎಂಬ ವಾಲ್ವ್ ಬಳಕೆಯಲ್ಲಿದೆ. ಅಮೆರಿಕದ ಹೆಸರಿಡುವ ಪದ್ಧತಿಯಲ್ಲಿ ಇದೇ 12ಎಎಕ್ಸ್7. ಗೇನ್ ಎಂಬ ಗುಂಡಿ ಈ ಹಂತಕ್ಕೆ ಸೇರಿದ್ದು.

ಸ್ವರಛಾಯೆಯ ವಿಭಾಗ: ಮಂದ್ರ, ಮಧ್ಯ ಮತ್ತು ತಾರ ಆವರ್ತನಗಳನ್ನು ಬೇಕಾದಂತೆ ಹೊಂದಿಸುತ್ತದೆ.

ಎಫೆಕ್ಟ್ಸ್ ಲೂಪ್: ಪೂರ್ವವರ್ಧಕದ ನಂತರ ಸಂಕೇತವನ್ನು ಹೊರಗೆ ಕಳುಹಿಸಿ ಮತ್ತೆ ಒಳಗೆ ತರುವ ಮಾರ್ಗ. ಹಳೆಯ ಮಾದರಿಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

ಶಕ್ತಿವರ್ಧಕ: ಸಂಕೇತಕ್ಕೆ ಸ್ಪೀಕರನ್ನು ಚಲಿಸುವಷ್ಟು ಶಕ್ತಿ ನೀಡುತ್ತದೆ. ಇಎಲ್84, ಇಎಲ್34 ಮತ್ತು 6ಎಲ್6 ಇಲ್ಲಿ ಬಳಕೆಯಾಗುವ ಮುಖ್ಯ ವಾಲ್ವ್‌ಗಳು. ಇವುಗಳಿಂದ ಹೊರಟ ಸಂಕೇತವು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರನ್ನು ತಲುಪುತ್ತದೆ.

ಪೂರ್ವವರ್ಧಕವನ್ನು ಕಾಲುವೆಯ ತೂಬಿಗೂ ಶಕ್ತಿವರ್ಧಕವನ್ನು ಕಾಲುವೆಯ ಅಗಲಕ್ಕೂ ಹೋಲಿಸಬಹುದು. ತೂಬನ್ನು ಎಷ್ಟೇ ತೆರೆದರೂ ಕಾಲುವೆ ಹೊರುವಷ್ಟು ನೀರು ಮಾತ್ರ ಮುಂದೆ ಹರಿಯುತ್ತದೆ.

ಧ್ವನಿ ಹೆಚ್ಚದಿರಲು ಕಾರಣ

ವಾಲ್ವ್ ತನ್ನ ಮಿತಿಯನ್ನು ಮುಟ್ಟಿದಾಗ ಸಂಕೇತದ ತರಂಗದ ಶಿಖರಗಳು ಚಪ್ಪಟೆಯಾಗುತ್ತವೆ. ಆಗ ಮೂಲ ಸ್ವರದೊಂದಿಗೆ ಹೊಸ ಅನುಸ್ವರಗಳು ಹುಟ್ಟಿ ನಾದಕ್ಕೆ ಒರಟುತನವೂ ದೀರ್ಘತೆಯೂ ಬರುತ್ತವೆ. ರಾಕ್ ಮತ್ತು ಬ್ಲೂಸ್ ಸಂಗೀತದಲ್ಲಿ ಬಯಸುವ ಡಿಸ್ಟಾರ್ಶನ್ ಇದೇ. ಆದರೆ ಇದರ ಜೊತೆಗೇ ಮೆಲುವಾದ ಮೀಟಿಗೂ ಬಿರುಸಾದ ಮೀಟಿಗೂ ಇರುವ ಅಂತರ ಕುಗ್ಗುತ್ತದೆ. ಗೇನ್ ಗುಂಡಿಯನ್ನು ಇನ್ನೂ ತಿರುಗಿಸಿದ ವಾದಕನಿಗೆ ತನ್ನ ವಾದ್ಯ ಅಬ್ಬರಿಸುತ್ತಿದೆ ಎನಿಸಿದರೂ ಸಭಿಕರಿಗೆ ಅದು ಡ್ರಮ್‌ನ ಹಿಂದೆ ಮರೆಯಾದಂತೆ ಕೇಳುತ್ತದೆ.

ಇದರ ಲೆಕ್ಕವನ್ನು ಡೆಸಿಬೆಲ್ ಮಾಪನದಿಂದ ತಿಳಿಯಬಹುದು. ವಿದ್ಯುತ್ ಶಕ್ತಿಯನ್ನು ಎರಡರಷ್ಟು ಮಾಡಿದರೆ ಧ್ವನಿಯ ಮಟ್ಟ ಸುಮಾರು 3 ಡೆಸಿಬೆಲ್ ಮಾತ್ರ ಏರುತ್ತದೆ. 6 ಡೆಸಿಬೆಲ್ ಏರಿಕೆಗೆ ನಾಲ್ಕರಷ್ಟು, 10 ಡೆಸಿಬೆಲ್ ಏರಿಕೆಗೆ ಹತ್ತರಷ್ಟು ಶಕ್ತಿ ಬೇಕು. ಕಿವಿಗೆ ಧ್ವನಿಯು ಇಮ್ಮಡಿಯಾದಂತೆ ತೋರುವುದು ಸ್ಥೂಲವಾಗಿ 10 ಡೆಸಿಬೆಲ್ ಏರಿದಾಗ. ಆದ್ದರಿಂದ 100 ವ್ಯಾಟ್‌ನ ಆಂಪ್ಲಿಫೈಯರ್ 50 ವ್ಯಾಟ್‌ನದಕ್ಕಿಂತ ಎರಡರಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ.

ಉದಾಹರಣೆಗೆ, 30 ವ್ಯಾಟ್‌ನ ಆಂಪ್ಲಿಫೈಯರ್‌ನಲ್ಲಿ ಪಕ್ಕವಾದ್ಯದ ಭಾಗವನ್ನೇ 15 ವ್ಯಾಟ್ ಮಟ್ಟದಲ್ಲಿ ನುಡಿಸಿದರೆ, ಏಕವಾದನಕ್ಕೆ ಉಳಿಯುವುದು 3 ಡೆಸಿಬೆಲ್ ಮಾತ್ರ. ಅದೇ ಭಾಗವನ್ನು 7.5 ವ್ಯಾಟ್‌ಗೆ ತಗ್ಗಿಸಿದರೆ 6 ಡೆಸಿಬೆಲ್ ಉಳಿಯುತ್ತದೆ. ಹೀಗೆ ಮುಂದಿನ ಬಳಕೆಗಾಗಿ ಉಳಿಸಿಕೊಂಡ ಸಾಮರ್ಥ್ಯವನ್ನು ಹೆಡ್‌ರೂಮ್ ಎನ್ನುತ್ತಾರೆ. ಹೆಡ್‌ರೂಮ್ ಇಲ್ಲದ ಆಂಪ್ಲಿಫೈಯರ್‌ನಲ್ಲಿ ಯಾವ ಬೂಸ್ಟರೂ ಧ್ವನಿಯನ್ನು ಗಮನಾರ್ಹವಾಗಿ ಏರಿಸಲಾರದು.

ವಿಧಾನಗಳು

ಗಿಟಾರಿನ ವಾಲ್ಯೂಮ್ ಗುಂಡಿ

ಇದು ಅತ್ಯಂತ ಹಳೆಯ ಮತ್ತು ಖರ್ಚಿಲ್ಲದ ವಿಧಾನ. ಆಂಪ್ಲಿಫೈಯರನ್ನು ಏಕವಾದನದ ಮಟ್ಟಕ್ಕೆ ಹೊಂದಿಸಿ, ಹಾಡಿನ ಉಳಿದ ಭಾಗದಲ್ಲಿ ಗಿಟಾರಿನ ಗುಂಡಿಯನ್ನು ತಗ್ಗಿಸಿ ನುಡಿಸಲಾಗುತ್ತದೆ. ಏಕವಾದನ ಬಂದಾಗ ಗುಂಡಿಯನ್ನು ಪೂರ್ಣವಾಗಿ ತಿರುಗಿಸಿದರೆ ಸಾಕು. ಇಲ್ಲಿ ಹೆಚ್ಚಿಸುವುದಕ್ಕಿಂತ ಮೊದಲೇ ತಗ್ಗಿಸಿಟ್ಟುಕೊಳ್ಳುವುದೇ ಮುಖ್ಯ. ಕ್ವೀನ್ ತಂಡದ ಬ್ರಿಯಾನ್ ಮೇ, ಎಸಿ30 ಆಂಪ್ಲಿಫೈಯರ್‌ಗಳನ್ನು ಟ್ರೆಬಲ್ ಬೂಸ್ಟರ್‌ನೊಂದಿಗೆ ಬಳಸಿ, ನಾದದ ಏರಿಳಿತವನ್ನು ಬಹುಮಟ್ಟಿಗೆ ಗಿಟಾರಿನ ಗುಂಡಿಯಿಂದಲೇ ಸಾಧಿಸುವ ವಾದಕರೆಂದು ಪ್ರಸಿದ್ಧರು.

ಆಂಪ್ಲಿಫೈಯರ್‌ನ ಮುಂದಿನ ಬೂಸ್ಟರ್

ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಕಾಲಿನಿಂದ ಒತ್ತುವ ಪೆಟ್ಟಿಗೆಯನ್ನು ಇಡಲಾಗುತ್ತದೆ. ಆಂಪ್ಲಿಫೈಯರ್ ಶುದ್ಧ ನಾದದಲ್ಲಿದ್ದರೆ ಇದರಿಂದ ಧ್ವನಿ ನಿಜವಾಗಿಯೂ ಹೆಚ್ಚುತ್ತದೆ. ಪೂರ್ವವರ್ಧಕವು ಮೊದಲೇ ಮಿತಿ ಮುಟ್ಟಿದ್ದರೆ ಡಿಸ್ಟಾರ್ಶನ್ ಮಾತ್ರ ಹೆಚ್ಚುತ್ತದೆ. ಐಬನೆಜ್ ಟ್ಯೂಬ್ ಸ್ಕ್ರೀಮರ್‌ನಂತಹ ಓವರ್‌ಡ್ರೈವ್ ಪೆಟ್ಟಿಗೆಗಳು ಮಂದ್ರವನ್ನು ತಗ್ಗಿಸಿ ಮಧ್ಯ ಆವರ್ತನಗಳನ್ನು ಎತ್ತಿ ತೋರಿಸುವುದರಿಂದ, ಧ್ವನಿಯ ಪ್ರಮಾಣ ಅಷ್ಟಾಗಿ ಏರದಿದ್ದರೂ ಏಕವಾದನವು ಸ್ಪಷ್ಟವಾಗಿ ಕೇಳುತ್ತದೆ.

ಎಫೆಕ್ಟ್ಸ್ ಲೂಪ್‌ನಲ್ಲಿ ಬೂಸ್ಟರ್

ಪೂರ್ವವರ್ಧಕದಲ್ಲಿ ಡಿಸ್ಟಾರ್ಶನ್ ಪಡೆಯುವ ವಾದಕರಿಗೆ ಇದು ಹೆಚ್ಚು ಪರಿಣಾಮಕಾರಿ. ಡಿಸ್ಟಾರ್ಶನ್ ಉಂಟಾದ ನಂತರದ ಹಂತದಲ್ಲಿ ಸಂಕೇತವನ್ನು ಹೆಚ್ಚಿಸುವುದರಿಂದ ನಾದದ ಬಣ್ಣ ಉಳಿದು ಧ್ವನಿ ಮಾತ್ರ ಏರುತ್ತದೆ. ಶುದ್ಧ ಬೂಸ್ಟರ್ ಅಥವಾ ಬಾಸ್ ಜಿಇ-7ನಂತಹ ಈಕ್ವಲೈಸರ್ ಪೆಟ್ಟಿಗೆಯನ್ನು ಇಲ್ಲಿ ಬಳಸಬಹುದು. ಶಕ್ತಿವರ್ಧಕದಲ್ಲಿ ಹೆಡ್‌ರೂಮ್ ಉಳಿದಿರಬೇಕು ಎಂಬ ನಿಬಂಧನೆ ಇಲ್ಲಿಯೂ ಅನ್ವಯಿಸುತ್ತದೆ.

ಎರಡನೆಯ ಮಾಸ್ಟರ್ ವಾಲ್ಯೂಮ್

ಕೆಲವು ಆಂಪ್ಲಿಫೈಯರ್‌ಗಳಲ್ಲಿ ಎರಡು ಚಾನೆಲ್‌ಗಳು ಅಥವಾ ಎರಡು ಮಾಸ್ಟರ್ ವಾಲ್ಯೂಮ್‌ಗಳು ಇರುತ್ತವೆ. ಪಕ್ಕವಾದ್ಯಕ್ಕೆ ಒಂದನ್ನೂ ಏಕವಾದನಕ್ಕೆ ಇನ್ನೊಂದನ್ನೂ ಹೊಂದಿಸಿಟ್ಟು ಕಾಲ್ಗುಂಡಿಯಿಂದ ಬದಲಾಯಿಸಬಹುದು.

ಮಿಕ್ಸರ್ ಮೂಲಕ ವರ್ಧನೆ

ಶಕ್ತಿವರ್ಧಕವೇ ಮಿತಿ ಮುಟ್ಟಿರುವಾಗ ಆಂಪ್ಲಿಫೈಯರ್‌ನೊಳಗೆ ಪರಿಹಾರವಿಲ್ಲ. ಆಗ ಸ್ಪೀಕರ್‌ನ ಮುಂದೆ ಮೈಕ್ ಇಟ್ಟು, ಸಭಾಂಗಣದ ಧ್ವನಿ ನಿರ್ವಾಹಕನು ಮಿಕ್ಸರ್‌ನಲ್ಲಿ ಆ ಮೈಕಿನ ಮಟ್ಟವನ್ನು ಏರಿಸುತ್ತಾನೆ. ಶೂರ್ ಎಸ್‌ಎಂ57 ಈ ಕೆಲಸಕ್ಕೆ ಬಹಳವಾಗಿ ಬಳಕೆಯಾಗುವ ಮೈಕ್. ಹಾಡಿನ ಯಾವ ಭಾಗದಲ್ಲಿ ಏಕವಾದನ ಬರುತ್ತದೆ ಎಂಬುದನ್ನು ನಿರ್ವಾಹಕನಿಗೆ ಮುಂಚಿತವಾಗಿ ತಿಳಿಸುವುದು ಅಗತ್ಯ. ವಾದಕ ತಾನೂ ಬೂಸ್ಟರ್ ಒತ್ತಿ, ನಿರ್ವಾಹಕನೂ ಮಟ್ಟ ಏರಿಸಿದರೆ ಧ್ವನಿ ಅತಿಯಾಗುತ್ತದೆ. ನಿರ್ವಾಹಕನು ಮಟ್ಟ ತಗ್ಗಿಸಿದರೆ ವಾದಕನ ಶ್ರಮ ವ್ಯರ್ಥವಾಗುತ್ತದೆ.

ಮಧ್ಯ ಆವರ್ತನಗಳ ಪಾತ್ರ

ಮಾನವನ ಕಿವಿಯು 2,000ದಿಂದ 5,000 ಹರ್ಟ್ಸ್ ವರೆಗಿನ ಧ್ವನಿಗಳಿಗೆ ಹೆಚ್ಚು ಸೂಕ್ಷ್ಮವಾಗಿದೆ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ಮಂದ್ರ ತಂತಿಯ ಆವರ್ತನ ಸುಮಾರು 82 ಹರ್ಟ್ಸ್. ಆ ಮಂದ್ರ ಭಾಗದಲ್ಲಿ ಬಾಸ್ ಗಿಟಾರ್ ಮತ್ತು ಡ್ರಮ್‌ಗಳೂ, ಮೇಲ್ಭಾಗದಲ್ಲಿ ಕಂಚಿನ ತಾಳಗಳೂ ಆವರಿಸಿಕೊಂಡಿರುತ್ತವೆ. ಏಕವಾದನಕ್ಕೆ ಸಿಗುವ ತೆರವು ಹೆಚ್ಚಾಗಿ ಇವೆರಡರ ನಡುವಿನದು. ಮನೆಯಲ್ಲಿ ಒಬ್ಬನೇ ನುಡಿಸುವಾಗ ಮಧ್ಯ ಆವರ್ತನಗಳನ್ನು ಇಳಿಸಿ, ಮಂದ್ರ ಮತ್ತು ತಾರಗಳನ್ನು ಏರಿಸಿದ ನಾದವು ಇಂಪಾಗಿ ತೋರುವುದುಂಟು. ತಂಡದೊಂದಿಗೆ ಅದೇ ನಾದ ಕರಗಿಹೋಗುತ್ತದೆ. ಮಧ್ಯ ಆವರ್ತನಗಳನ್ನು ಕೆಲವೇ ಡೆಸಿಬೆಲ್ ಏರಿಸುವುದರಿಂದ ಒಟ್ಟು ಧ್ವನಿಯನ್ನು ಹೆಚ್ಚಿಸದೆಯೂ ಏಕವಾದನವನ್ನು ಮುಂದೆ ತರಬಹುದು.

ಸಹವಾದಕರ ಪಾತ್ರ

ಒಂದು ವಾದ್ಯ ಮೇಲೆ ಕೇಳಬೇಕಾದರೆ ಅದನ್ನು ಏರಿಸಬಹುದು ಅಥವಾ ಉಳಿದವನ್ನು ಇಳಿಸಬಹುದು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತನಿ ಆವರ್ತನ ಆರಂಭವಾದಾಗ ಗಾಯಕರೂ ಪಿಟೀಲು ವಾದಕರೂ ನಿಲ್ಲಿಸಿ ತಾಳ ಹಾಕುತ್ತಾರೆ. ಮೃದಂಗಕ್ಕೆ ಬೇರೆ ವರ್ಧನೆ ಬೇಕಾಗುವುದಿಲ್ಲ. ವಿದ್ಯುತ್ ವಾದ್ಯಗಳ ತಂಡದಲ್ಲಿ ಇತರರು ಪೂರ್ತಿ ನಿಲ್ಲುವುದು ಅಪರೂಪ. ಆದರೆ ಕೀಬೋರ್ಡ್ ವಾದಕನು ಸ್ವರಗುಚ್ಛಗಳನ್ನು ವಿರಳಗೊಳಿಸುವುದು, ಎರಡನೆಯ ಗಿಟಾರ್ ವಾದಕನು ತನ್ನ ಧ್ವನಿಯನ್ನು ತಗ್ಗಿಸುವುದು ಇದೇ ತತ್ತ್ವಕ್ಕೆ ಸೇರುತ್ತದೆ. ಯಂತ್ರಕ್ಕೆ ಹಣ ಸುರಿಯುವ ಮುನ್ನ ತಂಡವು ಈ ಸಂಯಮವನ್ನು ಅಭ್ಯಾಸ ಮಾಡುವುದು ಹೆಚ್ಚು ಫಲಕಾರಿ.

ಕರ್ನಾಟಕದಲ್ಲಿ

ವಾಲ್ವ್ ತಯಾರಿಕೆಯೊಂದಿಗೆ ಕರ್ನಾಟಕಕ್ಕೆ ನೇರ ಸಂಬಂಧವಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದ ಆರಂಭದಿಂದ ರೇಡಿಯೊಗಳಿಗೆ ಬೇಕಾದ ವಾಲ್ವ್‌ಗಳನ್ನು ತಯಾರಿಸಿತು. ಟ್ರಾನ್ಸಿಸ್ಟರ್ ವ್ಯಾಪಕವಾದ ಮೇಲೆ ವಾಲ್ವ್‌ಗಳ ಬೇಡಿಕೆ ಕುಸಿಯಿತು. ಆದರೂ ಬಿಇಎಲ್ ಮುದ್ರೆಯುಳ್ಳ ಹಳೆಯ ವಾಲ್ವ್‌ಗಳನ್ನು ಹುಡುಕಿ ಕೊಳ್ಳುವ ಗಿಟಾರ್ ವಾದಕರು ಹೊರದೇಶಗಳಲ್ಲಿಯೂ ಇದ್ದಾರೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಮತ್ತು 2011ರಲ್ಲಿ ಮೆಟಾಲಿಕಾ ತಂಡಗಳು ಕಾರ್ಯಕ್ರಮ ನೀಡಿದವು.

ಒಂಟಿ ಧ್ವನಿಯನ್ನು ದೊಡ್ಡ ಸಭೆಗೆ ಮುಟ್ಟಿಸುವ ಸಮಸ್ಯೆಯು ಗಿಟಾರ್‌ಗಿಂತ ಬಹಳ ಹಿಂದಿನಿಂದಲೇ ಉತ್ತರ ಕರ್ನಾಟಕದ ರಂಗಭೂಮಿಗೆ ಪರಿಚಿತವಾದುದು. ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಸಮೀಪದ ಚೊಳಚಗುಡ್ಡದಲ್ಲಿ ಬನಶಂಕರಿ ದೇವಾಲಯವಿದೆ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ರಥೋತ್ಸವದೊಂದಿಗೆ ನಡೆಯುವ ಇಲ್ಲಿನ ಜಾತ್ರೆ, ವೃತ್ತಿ ನಾಟಕ ಕಂಪನಿಗಳ ಪ್ರದರ್ಶನಗಳಿಗೆ ಹೆಸರಾಗಿದೆ. ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ತಾತ್ಕಾಲಿಕ ರಂಗಮಂದಿರಗಳನ್ನು ನಿರ್ಮಿಸಿ ವಾರಗಟ್ಟಲೆ ನಾಟಕಗಳನ್ನಾಡುತ್ತವೆ. ಮೈಕ್ ಇಲ್ಲದ ಕಾಲದ ರಂಗಗೀತೆಗಳನ್ನು ಏರುಶ್ರುತಿಯಲ್ಲಿ ಹಾಡಲಾಗುತ್ತಿತ್ತು. ಪೇಟಿ ಮತ್ತು ತಬಲಾ ನಟನ ಕಂಠವನ್ನು ಮುಚ್ಚದಂತೆ ಹಿಂಬಾಲಿಸುತ್ತಿದ್ದವು. ಏರುಶ್ರುತಿ ಎಂದರೆ ಧ್ವನಿಯನ್ನು ಕಿವಿ ಸುಲಭವಾಗಿ ಹಿಡಿಯುವ ಆವರ್ತನಗಳತ್ತ ಒಯ್ಯುವುದು, ಪೇಟಿ ತಗ್ಗುವುದು ಎಂದರೆ ಅದಕ್ಕೆ ಎಡೆ ಮಾಡಿಕೊಡುವುದು. ಮೇಲೆ ವಿವರಿಸಿದ ಎರಡು ತತ್ತ್ವಗಳೂ ಆ ರೂಢಿಯಲ್ಲಿ ಅಡಗಿವೆ.

ಜಾತ್ರೆ, ಉತ್ಸವಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ವಿದ್ಯುತ್ ಗಿಟಾರ್ ಬಳಕೆಯಲ್ಲಿದೆ. ಭಾರವಾದ, ದುಬಾರಿಯಾದ ವಾಲ್ವ್ ಆಂಪ್ಲಿಫೈಯರ್‌ಗಳಿಗೆ ಬದಲಾಗಿ ಇಲ್ಲಿ ಸಾಮಾನ್ಯವಾಗಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅಥವಾ ನೇರವಾಗಿ ಮಿಕ್ಸರ್ ಬಳಸಲಾಗುತ್ತದೆ. ಬಯಲಿನ ವೇದಿಕೆಗೆ ವಾಲ್ವ್ ಆಂಪ್ಲಿಫೈಯರ್ ಒಯ್ದರೆ ವಿದ್ಯುತ್ ವೋಲ್ಟೇಜನ್ನು ಗಮನಿಸಬೇಕು. 230 ವೋಲ್ಟ್‌ನ ಪೂರೈಕೆ ಕುಸಿದಾಗ ವಾಲ್ವ್‌ಗಳಿಗೆ ದೊರೆಯುವ ವೋಲ್ಟೇಜೂ ಇಳಿದು, ಸಂಜೆ ಪರೀಕ್ಷಿಸಿದಾಗ ಇದ್ದ ಹೆಡ್‌ರೂಮ್ ರಾತ್ರಿಯ ಏಕವಾದನದ ವೇಳೆಗೆ ಇಲ್ಲದಿರಬಹುದು.

ಸುರಕ್ಷತೆ

ವಾಲ್ವ್ ಆಂಪ್ಲಿಫೈಯರ್‌ನೊಳಗೆ ನೂರಾರು ವೋಲ್ಟ್‌ಗಳ ಏಕಮುಖ ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಬಳಿಕವೂ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿಯಬಹುದು. ಆದುದರಿಂದ ಒಳಭಾಗದ ದುರಸ್ತಿಯನ್ನು ಬಲ್ಲವರಿಂದಲೇ ಮಾಡಿಸಬೇಕು. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಂಭವವಿದೆ. 120 ವೋಲ್ಟ್‌ಗೆ ತಯಾರಾದ ಅಮೆರಿಕದ ಆಂಪ್ಲಿಫೈಯರ್‌ಗಳನ್ನು ಭಾರತದಲ್ಲಿ ಇಳಿಕೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಳಸಬಾರದು.

ಕಿವಿಯ ರಕ್ಷಣೆಯೂ ಅಷ್ಟೇ ಮುಖ್ಯ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಧ್ವನಿಯನ್ನು ದಿನಕ್ಕೆ 8 ಗಂಟೆ ಮೀರಿ ಕೇಳಬಾರದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬೆಲ್‌ಗೆ 1 ಗಂಟೆ, 100 ಡೆಸಿಬೆಲ್‌ಗೆ 15 ನಿಮಿಷ ಮಾತ್ರ ಮಿತಿ. ಏಕವಾದನಕ್ಕಾಗಿ 6 ಡೆಸಿಬೆಲ್ ಏರಿಸುವುದೆಂದರೆ ಸುರಕ್ಷಿತ ಅವಧಿಯನ್ನು ಕಾಲುಭಾಗಕ್ಕೆ ಇಳಿಸಿದಂತೆ. ಅತಿಯಾದ ಧ್ವನಿಯಿಂದ ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ವೇದಿಕೆಯ ಮೇಲಿನ ವಾದಕರು ಕಿವಿರಕ್ಷಕಗಳನ್ನು ಬಳಸುವುದು ಸೂಕ್ತ. ಭಾರತದಲ್ಲಿ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000, ತೆರೆದ ಸ್ಥಳಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳ ಬಳಕೆಯನ್ನು ಸಾಮಾನ್ಯವಾಗಿ ನಿರ್ಬಂಧಿಸುತ್ತವೆ.

ಇವನ್ನೂ ನೋಡಿ

ನಿರ್ವಾತ ನಳಿಕೆ
ವಿದ್ಯುತ್ ಗಿಟಾರ್
ಡೆಸಿಬೆಲ್
ಬನಶಂಕರಿ ಜಾತ್ರೆ
ವೃತ್ತಿ ರಂಗಭೂಮಿ