ಕೆಟ್ಟಿತೋ, ನಿಂತಿತೋ?

ಹಬ್ಬಕ್ಕೆ ಹದಿನೈದು ದಿನ ಮುಂಚೆ ಜಯನಗರದ ನಮ್ಮ ಮನೆಗೆ ಬಣ್ಣ ಬಳಿಸಿದೆವು. ಹಳೆಯ ಸುಣ್ಣವನ್ನು ಕೆರೆದು, ಗೋಡೆಯನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ ಮನೆಯ ತುಂಬ ಅಕ್ಕಿಹಿಟ್ಟಿನಂಥ ಬಿಳಿಯ ಧೂಳು. ಮನೆಗೆಲಸಕ್ಕೆ ಬರುವಾಕೆ ಎಂದಿನಂತೆ ಪೊರಕೆ ಹಿಡಿದಳು. ಯಂತ್ರವಿರುವಾಗ ಪೊರಕೆಯೇಕೆಂದು ನಾನೇ ಅದನ್ನು ಬಿಡಿಸಿ ವ್ಯಾಕ್ಯೂಂ ಕ್ಲೀನರನ್ನು ಅವಳ ಕೈಗಿತ್ತೆ. ಹತ್ತು ನಿಮಿಷ ಗುಯ್‌ಗುಟ್ಟಿದ ಯಂತ್ರ ಇದ್ದಕ್ಕಿದ್ದಂತೆ ಮೌನವಾಯಿತು. ಗುಂಡಿ ಒತ್ತಿದರೂ ಅಷ್ಟೆ, ಪ್ಲಗ್ಗು ಬದಲಾಯಿಸಿದರೂ ಅಷ್ಟೆ.

“ಏನಮ್ಮಾ, ವೈರು ಹಿಡಿದು ಎಳೆದೆಯಾ?” ಎಂದೆ.

“ನಾನ್ಯಾಕೆ ಎಳೀಲಿ ಸಾರ್? ಅದಕ್ಕೆ ಉಸಿರು ಕಟ್ಟೈತೆ. ಹೊಟ್ಟೆ ಬಿಚ್ಚಿ ನೋಡಿ” ಎಂದಳು ಆಕೆ.

ಪ್ಲಗ್ಗು ಕಿತ್ತು, ಬಿಚ್ಚಿ ನೋಡಿದರೆ ಚೀಲ ಅರ್ಧವೂ ತುಂಬಿರಲಿಲ್ಲ. ಆದರೆ ಅದರ ಬಟ್ಟೆಯ ಕಣ್ಣುಗಳೆಲ್ಲ ನುಣುಪು ಪುಡಿಯಿಂದ ಮುಚ್ಚಿಹೋಗಿದ್ದವು. ಅಂಗಳದಲ್ಲಿ ಕೊಡವಿ, ಒಳಗಿನ ಜಾಲರಿಯನ್ನೂ ಬಿಡಿಸಿ ಸ್ವಚ್ಛಮಾಡಿ, ಅರ್ಧ ಗಂಟೆ ಬಿಟ್ಟು ಗುಂಡಿ ಒತ್ತಿದರೆ ಯಂತ್ರ ಏನೂ ಆಗದಂತೆ ಹಾಡತೊಡಗಿತು. ಅದು ಕೆಟ್ಟಿರಲಿಲ್ಲ, ನಿಂತಿತ್ತು, ಅಷ್ಟೆ. ಕೆಟ್ಟಿದ್ದುದು ನನ್ನ ಮಾತು.

ಯಂತ್ರ ನಿಂತ ಕೂಡಲೇ ನಮ್ಮ ಅನುಮಾನ ಗುಡಿಸುವ ಕೈಯ ಮೇಲೆ ಬೀಳುವುದೇಕೆ? ಗುಡಿಸುವ ಕೆಲಸದ ಚರಿತ್ರೆಯನ್ನು ನೋಡಿದರೆ ಈ ಅನುಮಾನ ಎಷ್ಟು ತಲೆಕೆಳಗಾದುದೆಂದು ತಿಳಿಯುತ್ತದೆ.

ಕನ್ನಡದ ಮಟ್ಟಿಗೆ ಈ ಚರಿತ್ರೆಯಲ್ಲಿ ಮೊದಲು ನೆನೆಯಬೇಕಾದವಳು ಹನ್ನೆರಡನೆಯ ಶತಮಾನದ ಸತ್ಯಕ್ಕ. ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದೇ ಅವಳ ಕಾಯಕ. ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ಅವಳ ವಚನಗಳು ನಮಗೆ ದೊರೆತಿವೆ. ಪೊರಕೆ ಹಿಡಿದ ಕೈ ವಚನವನ್ನೂ ರಚಿಸಿತೆಂಬುದನ್ನು ತರಗತಿಯಲ್ಲಿ ಹೆಮ್ಮೆಯಿಂದ ಪಾಠ ಹೇಳುವ ನಾವು ಮನೆಗೆ ಬಂದೊಡನೆ ಮರೆಯುತ್ತೇವೆ.

ಇನ್ನು ಯಂತ್ರದ ಕಥೆ. ಇಂಗ್ಲೆಂಡಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರನು ಧೂಳನ್ನು ಊದಿ ಹಾರಿಸುವ ಒಂದು ಯಂತ್ರವನ್ನು ನೋಡಿದನು. ಊದುವ ಬದಲು ಹೀರಿದರೆ ಹೇಗೆ ಎಂದು ಅವನಿಗೆ ತೋಚಿತು. ಹೋಟೆಲೊಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವಿಟ್ಟು ಬಾಯಿಂದ ಹೀರಿದನಂತೆ. ಕೆಮ್ಮು ಬಂತು, ಕರವಸ್ತ್ರದ ಮೇಲೆ ಧೂಳೂ ನಿಂತಿತು. 1901ರಲ್ಲಿ ಅವನು ಪೇಟೆಂಟು ಪಡೆದ ಯಂತ್ರ ಮನೆಯೊಳಗೆ ಹಿಡಿಸುವಂಥದಲ್ಲ. ಕುದುರೆ ಎಳೆಯುವ ಬಂಡಿಯ ಮೇಲೆ ಬೀದಿಯಲ್ಲಿ ನಿಂತು, ಕಿಟಕಿಯ ಮೂಲಕ ಉದ್ದನೆಯ ಕೊಳವೆಗಳನ್ನು ಒಳಗೆ ಬಿಟ್ಟು ಅದು ಧೂಳನ್ನು ಹೀರುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳನ್ನು ಈ ಯಂತ್ರವೇ ಶುಚಿಮಾಡಿತು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ.

ಬೂತನ ಬಂಡಿಯಂತ್ರವನ್ನು ಮನೆಯ ಯಂತ್ರವಾಗಿ ಮಾಡಿದವನು ಇಂಜಿನಿಯರನಲ್ಲ, ಕಸ ಗುಡಿಸುವವನು. ಅಮೆರಿಕದ ಓಹಾಯೊ ಪ್ರಾಂತದ ಕ್ಯಾಂಟನ್ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ನೆಲ ಗುಡಿಸುವ ಕೆಲಸದಲ್ಲಿದ್ದನು. ಅವನಿಗೆ ಗೂರಲು ರೋಗ. ಗುಡಿಸಿದಷ್ಟೂ ಧೂಳು ಎದ್ದು ಉಸಿರು ಕಟ್ಟುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ, ಇವನ್ನು ಜೋಡಿಸಿ ಅವನು ತನಗೊಂದು ಯಂತ್ರ ಕಟ್ಟಿಕೊಂಡನು. 1908ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಅದರ ಹಕ್ಕನ್ನು ಕೊಂಡ ಚರ್ಮದ ಸರಕಿನ ವ್ಯಾಪಾರಿ ಹೂವರನ ಹೆಸರು ಲೋಕಪ್ರಸಿದ್ಧವಾಯಿತು. ಸ್ಪ್ಯಾಂಗ್ಲರನ ಹೆಸರು ಬಲ್ಲವರು ಕಡಿಮೆ. ತನ್ನ ಉಸಿರು ಕಟ್ಟಿದ್ದರಿಂದ ಯಂತ್ರ ಮಾಡಿದವನು ಅವನು; ಯಂತ್ರದ ಉಸಿರು ಕಟ್ಟಿದ್ದನ್ನು ಕಂಡುಹಿಡಿದವಳು ನಮ್ಮ ಮನೆಯಾಕೆ. ಎರಡೂ ಒಂದೇ ಅನುಭವದ ವಿದ್ಯೆ.

ಆಕೆ ಹೇಳಿದುದು ಅಕ್ಷರಶಃ ನಿಜ. ಮನೆಬಳಕೆಯ ಸಾಮಾನ್ಯ ಯಂತ್ರಗಳಲ್ಲಿ ಧೂಳನ್ನು ಸೆಳೆಯುವ ಗಾಳಿಯೇ ಚೀಲವನ್ನು ದಾಟಿಬಂದು ಮೋಟಾರನ್ನು ತಣಿಸುತ್ತದೆ. ಚೀಲವೋ ಜಾಲರಿಯೋ ಮುಚ್ಚಿದರೆ, ಕೊಳವೆಯಲ್ಲಿ ಕಾಲುಚೀಲವೋ ಕೂದಲ ಉಂಡೆಯೋ ಸಿಕ್ಕಿದರೆ ಗಾಳಿ ನಿಲ್ಲುತ್ತದೆ, ಮೋಟಾರು ಕಾಯುತ್ತದೆ. ಅದು ಸುಟ್ಟುಹೋಗದಂತೆ ಒಳಗಿರುವ ಶಾಖದ ಕಾವಲುಗಾರ ವಿದ್ಯುತ್ತನ್ನು ಕಡಿಯುತ್ತಾನೆ. ತಣ್ಣಗಾದ ಮೇಲೆ ಅನೇಕ ಯಂತ್ರಗಳು ತಾವಾಗಿ ಮರಳಿ ನಡೆಯುತ್ತವೆ. ಸುಟ್ಟ ವಾಸನೆಯೋ ಕಿಡಿಯೋ ಕಂಡರೆ ಮಾತ್ರ ನಾವು ಕೈ ಹಾಕದೆ ಬಲ್ಲವರನ್ನು ಕರೆಸಬೇಕು.

ಆದರೆ ಎಲ್ಲ ನಿಲುಗಡೆಯೂ ಯಂತ್ರದೊಳಗಿನದಲ್ಲ. ಕೆಲವು ಮನೆಯ ಗೋಡೆಯಲ್ಲಿರುತ್ತವೆ. ಜಯನಗರ ಹುಟ್ಟಿದ್ದು 1948ರಲ್ಲಿ. ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದೂ ಅದೇ ವರ್ಷ. ಆಗಿನ ಮನೆಗಳ ಕೆಂಪು ಗಾರೆಯ ನೆಲಕ್ಕೆ ಪೊರಕೆ, ಒದ್ದೆ ಬಟ್ಟೆ ಸಾಕಾಗಿದ್ದವು. ವಿದ್ಯುತ್ತು ಬೇಕಾದುದು ದೀಪಕ್ಕೆ, ರೇಡಿಯೋಗೆ, ಹೆಚ್ಚೆಂದರೆ ಇಸ್ತ್ರಿಪೆಟ್ಟಿಗೆಗೆ. ಹಾಗಾಗಿ ಹಳೆಯ ಮನೆಗಳ ಕೋಣೆಗಳಲ್ಲಿ ಐದು ಆಂಪಿಯರಿನ ಸಣ್ಣ ಪ್ಲಗ್ಗುಗಳೇ ಹೆಚ್ಚು. ಇಂದಿನ 1500 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಸಣ್ಣ ಪ್ಲಗ್ಗು ಬಿಸಿಯಾಗಿ, ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿ, ಯಂತ್ರ ಆಗಾಗ ಸೊರಗುವುದರಲ್ಲಿ ಆಶ್ಚರ್ಯವಿಲ್ಲ. ತಾತನ ಕಾಲದ ತಂತಿಗೆ ಮೊಮ್ಮಗನ ಕಾಲದ ಹೊರೆ!

1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಕಂಪೆನಿಯ ಮಾರಾಟಗಾರರು ಮನೆಮನೆಯ ಬಾಗಿಲು ತಟ್ಟಿ ಈ ಯಂತ್ರವನ್ನು ನಮ್ಮ ನಗರಗಳ ಮಧ್ಯಮವರ್ಗಕ್ಕೆ ಪರಿಚಯ ಮಾಡಿಸಿದರು. ಟೈ ಕಟ್ಟಿದ ಯುವಕ ಹಾಸಿಗೆಯಿಂದ ಹಿಡಿ ಧೂಳನ್ನು ಹೀರಿ ತೋರಿಸಿದಾಗ ಮನೆಯೊಡತಿಗೆ ನಾಚಿಕೆ, ಮನೆಯೊಡೆಯನಿಗೆ ಕಂತಿನ ಲೆಕ್ಕ. ಆ ಪ್ರದರ್ಶನವನ್ನು ಬಾಗಿಲ ಬಳಿ ನಿಂತು ನೋಡಿದ ಕೆಲಸದಾಕೆಗೆ ಯಂತ್ರ ಬಿಚ್ಚುವ ಪಾಠವನ್ನು ಯಾರೂ ಹೇಳಲಿಲ್ಲ. ಮುಂದೆ ಅದನ್ನು ದಿನವೂ ಹಿಡಿಯಬೇಕಾದವಳು ಮಾತ್ರ ಆಕೆಯೇ.

ಈಚೆಗೆ ಬಂದಿರುವುದು ಆವಿಯಿಂದ ನೆಲ ಒರೆಸುವ ಸ್ಟೀಮ್ ಮಾಪ್. ಇದರ ಪೂರ್ವಜ 1679ರಲ್ಲಿ ಡೆನಿ ಪಾಪೇನ್ ಎಂಬ ಫ್ರೆಂಚ್ ವಿಜ್ಞಾನಿ ತೋರಿಸಿದ, ಆವಿಯ ಒತ್ತಡದಲ್ಲಿ ಬೇಯಿಸುವ ಪಾತ್ರೆ. ನಮ್ಮ ಅಡಿಗೆಮನೆಯ ಕುಕ್ಕರಿಗೂ ಅದೇ ಮೂಲಪುರುಷ. ಈ ಮಾಪಿನ ಆವಿ ತಟಕ್ಕನೆ ಕುಗ್ಗಲು ಹೆಚ್ಚಾಗಿ ಎರಡು ಕಾರಣಗಳು. ವೋಲ್ಟೇಜು ಇಳಿದರೆ ಕಾಯಿಸುವ ಶಕ್ತಿ ಅದರ ವರ್ಗದಂತೆ ಇಳಿಯುತ್ತದೆ: 230 ವೋಲ್ಟು 184ಕ್ಕೆ ಬಂದರೆ ಶಾಖ ನೂರಕ್ಕೆ ಅರುವತ್ತನಾಲ್ಕು ಪಾಲು ಮಾತ್ರ. ಎರಡನೆಯದು ನೀರು. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ, ಶಿವನಸಮುದ್ರಕ್ಕೆ ದೂರವಲ್ಲದ ತೊರೆಕಾಡನಹಳ್ಳಿಯಿಂದ. ನಗರಕ್ಕೆ ಬೆಳಕು ಕೊಟ್ಟ ಸೀಮೆಯೇ ಕುಡಿಯುವ ನೀರನ್ನೂ ಕೊಟ್ಟಿತು. ಆದರೆ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಕೊಳವೆಬಾವಿಯ ನೀರಿನ ಬಳಕೆ ಇದೆ. ಆ ಗಡಸುನೀರು ಕಾದಾಗ ಸುಣ್ಣದ ಹೆಕ್ಕಳಿಕೆ ಕಟ್ಟಿ, ಆವಿ ಹೊರಡುವ ಸೂಜಿರಂಧ್ರವನ್ನು ಮುಚ್ಚುತ್ತದೆ. ಶಾಖ ನೀರಿಗೆ ದಾಟದೆ ಒಳಗೇ ಉಳಿಯುತ್ತದೆ. ಇಲ್ಲಿಯೂ ಕಾವಲುಗಾರ ಎಚ್ಚೆತ್ತು ವಿದ್ಯುತ್ತನ್ನು ಕಡಿಯುತ್ತಾನೆ. ಲವಣ ತೆಗೆದ ನೀರನ್ನು ಬಳಸಿ, ಯಂತ್ರದ ಜೊತೆ ಬಂದ ಪುಸ್ತಿಕೆ ಹೇಳಿದಂತೆ ಆಗಾಗ ಸುಣ್ಣ ಬಿಡಿಸಿದರೆ ಮಾಪು ಬಹುಕಾಲ ಬಾಳುತ್ತದೆ. ನಮ್ಮ ಬಿಸಿನೀರಿನ ಹಂಡೆಯ ತಳವನ್ನು ಉಜ್ಜಿ ತೊಳೆದವರಿಗೆ ಈ ವಿಷಯ ಮೊದಲೇ ಗೊತ್ತು. ಉಜ್ಜಿಸಿದವರಿಗೆ ಮಾತ್ರ ಹೊಸದು.

ಚೀಲ, ಜಾಲರಿ, ಕೊಳವೆ, ಪ್ಲಗ್ಗು, ವೋಲ್ಟೇಜು, ನೀರು: ಯಂತ್ರ ನಿಂತಾಗ ನೋಡಬೇಕಾದ ಆರು ತಾಣಗಳಿವು. ಇವುಗಳಲ್ಲಿ ಗುಡಿಸುವವಳ ಕೈ ಎಲ್ಲಿಯೂ ಇಲ್ಲ. ನುಣುಪು ಪುಡಿಗೆ ತಕ್ಕುದಲ್ಲದ ಯಂತ್ರವನ್ನು ಅವಳ ಕೈಗೆ ಹಾಕಿದ ನನ್ನ ಕೈ ಮಾತ್ರ ಇದೆ.

ಮರುದಿನ ಆಕೆ ಬಂದಾಗ ನಾನು ತಪ್ಪಾಯಿತೆಂದೆ. “ಇರ್ಲಿ ಬಿಡಿ ಸಾರ್” ಎಂದು ನಕ್ಕು, ಗೋಡೆಯ ಪುಡಿಗೆ ಒದ್ದೆ ಬಟ್ಟೆಯನ್ನೂ ಮಂಚದಡಿಯ ಧೂಳಿಗೆ ಯಂತ್ರವನ್ನೂ ತಾನೇ ಆರಿಸಿಕೊಂಡಳು. ಯಾವುದಕ್ಕೆ ಯಾವುದು ಎಂದು ನಾನು ಮೊದಲೇ ಕೇಳಿದ್ದರೆ ಅಂದು ಯಂತ್ರ ನಿಲ್ಲುತ್ತಲೇ ಇರಲಿಲ್ಲ.