ಕಾರ್ಖಾನೆ ಮುಚ್ಚಿತು, ಜಾವಾ ನಿಲ್ಲಲಿಲ್ಲ

ಯಲ್ಲದಕೆರೆಯ ನಮ್ಮ ಗೆಳೆಯರೊಬ್ಬರು ಈಚೆಗೆ ಹಳೆಯ ಜಾವಾ ಬೈಕ್ ಕೊಂಡಿದ್ದಾರೆ. ಊರಲ್ಲಿ ಅನೇಕರು ಇದನ್ನು ಫಾರಿನ್ ಗಾಡಿ ಅಂದುಕೊಂಡಿದ್ದಾರೆ. ಆದರೆ ಇದು ಮೈಸೂರಿನದು.

ಹೆಸರು ಹೊರಗಿನದು. 1929ರಲ್ಲಿ ಜೆಕ್ ಉದ್ಯಮಿ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ತಯಾರಿಸುವ ಹಕ್ಕು ಪಡೆದರು. ಎರಡೂ ಹೆಸರುಗಳ ಮೊದಲಕ್ಷರ ಸೇರಿ 'ಯಾವಾ' ಆಯಿತು. ನಮ್ಮವರ ಬಾಯಲ್ಲಿ ಅದೇ ಜಾವಾ.

ಈ ಬೈಕನ್ನು ಇಲ್ಲೇ ತಯಾರಿಸಲು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು.

ಹಳ್ಳಿ ದಾರಿಗೆ ಇದು ಒಗ್ಗುತ್ತಿತ್ತು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಚೈನಿಗೆ ಪೂರ್ತಿ ಮುಚ್ಚಳ ಇದ್ದುದರಿಂದ ಧೂಳು, ಕೆಸರು ತಾಗುತ್ತಿರಲಿಲ್ಲ. ಕಿಕ್ಕರೂ ಗೇರೂ ಒಂದೇ ಲಿವರ್: ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರ್.

ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದ ಮೇಲೆ ಜನ ಮೈಲೇಜ್ ಕೇಳತೊಡಗಿದರು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು, ಕಾರ್ಮಿಕರ ಕೆಲಸ ಹೋಯಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂತಾದರೂ ಯಾದವಗಿರಿ ಕಾರ್ಖಾನೆ ಮರಳಲಿಲ್ಲ.

ಹಾಗಾದರೆ ಹಳೆಯ ಗಾಡಿಗಳು ಇನ್ನೂ ಓಡುತ್ತಿರುವುದು ಹೇಗೆ? ಹಳೆಯ ಮೆಕ್ಯಾನಿಕ್‌ಗಳಿಂದ. ಕಂಪನಿ ಮುಚ್ಚಿದ ಮೇಲೆ ಆ ವಿದ್ಯೆ ಉಳಿದಿರುವುದು ಅವರ ಕೈಯಲ್ಲಿ. ಗೆಳೆಯರ ಗಾಡಿ ಬಿಚ್ಚುವಾಗ ನಾವು ಅದನ್ನು ಕಂಡೆವು. ಇಂಥ ಗಾಡಿ ಎಳೆಯದಿದ್ದರೆ ಅವರು ಮೊದಲು ನೋಡುವುದು ಸೈಲೆನ್ಸರ್. ಆಯಿಲ್ ಸುಟ್ಟ ಮಸಿ ಅಲ್ಲಿ ಕಟ್ಟಿಕೊಂಡಿರುತ್ತದೆ. ಆಮೇಲೆ ಪ್ಲಗ್, ಪಾಯಿಂಟ್, ಕಾರ್ಬುರೇಟರ್. ಪೆಟ್ರೋಲಿಗೆ ಆಯಿಲ್ ಬೆರೆಸದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತಾರೆ.

ನೀವೂ ಇಂಥ ಗಾಡಿ ಕೊಳ್ಳುವುದಾದರೆ, ಬಣ್ಣಕ್ಕೆ ಮರುಳಾಗಬೇಡಿ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತವೆಯೇ ನೋಡಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ಆದರೆ ಹಾಗೆ ಮಾಡಿಸಿದರೆ ದಿನವೂ ಸಂತೆಗೆ, ತೋಟಕ್ಕೆ ಓಡಿಸುವಂತಿಲ್ಲ.

ಕೆಲವರು ಹಳೆಯ ಟ್ಯಾಂಕ್, ಸೈಲೆನ್ಸರ್ ಬಿಚ್ಚಿ ಗುಜರಿಗೆ ಹಾಕಿ ಹೊಸ ರೂಪ ಕೊಡುತ್ತಾರೆ. ನಮ್ಮ ಮಾತು ಇಷ್ಟೇ: ಬಿಚ್ಚಿದ ಒಂದು ಬೋಲ್ಟನ್ನೂ ಎಸೆಯಬೇಡಿ. ಮೈಸೂರಿನ ಕಾರ್ಮಿಕರು ಮಾಡಿದ ಕೆಲಸಕ್ಕೆ ನಮ್ಮ ಹಳ್ಳಿಗಳಲ್ಲಿ ಉಳಿದಿರುವ ಸಾಕ್ಷಿ ಅದು. ನಿಮ್ಮೂರಿನ ಮೆಕ್ಯಾನಿಕ್ ಅಣ್ಣನ ಪಕ್ಕ ಒಬ್ಬ ಹುಡುಗನನ್ನು ಕೂರಿಸಿ. ಆ ವಿದ್ಯೆಯನ್ನು ಈಗ ಕಲಿಯದಿದ್ದರೆ ಮುಂದೆ ಹೇಳಿಕೊಡುವವರು ಇರುವುದಿಲ್ಲ.