ಕಮೊಡೊರ್ 64 ಡಿಸ್ಕ್ ಡ್ರೈವ್ ಆಮೆಗತಿಯಲ್ಲಿ ಓಡಿದ್ದೇಕೆ? ಎಲ್ಲಕ್ಕೂ ಮೂಲ ಒಂದು ಚಿಪ್ ದೋಷ

1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಕಮೊಡೊರ್ 64, ಮನೆ ಬಳಕೆಯ ಕಂಪ್ಯೂಟರ್‌ಗಳ ಪೈಕಿ ಅತ್ಯಂತ ಜನಪ್ರಿಯವಾದದ್ದು. ಅದರ ಜೋಡಿಯಾದ 1541 ಡಿಸ್ಕ್ ಡ್ರೈವ್ ಕೂಡ ಹೆಸರುವಾಸಿಯೇ, ಆದರೆ ನಿಧಾನಗತಿಗೆ! ಅದರ ವೇಗ ಸೆಕೆಂಡಿಗೆ ಸುಮಾರು 400 ಬೈಟ್. ಅಂದರೆ 40 ಸಾವಿರ ಬೈಟ್‌ಗಳ ಒಂದು ಗೇಮ್ ಲೋಡ್ ಆಗಲು 100 ಸೆಕೆಂಡ್ ಕಾಯಬೇಕು. 170 ಕೆಬಿಯ ಇಡೀ ಡಿಸ್ಕ್ ಓದಲು ಏಳು ನಿಮಿಷ ದಾಟುತ್ತದೆ.

ತಪ್ಪು ಡಿಸ್ಕ್‌ನದ್ದಲ್ಲ, ಮೋಟರ್‌ನದ್ದೂ ಅಲ್ಲ. ಡಿಸ್ಕ್‌ನಿಂದ ಓದಿದ ಮಾಹಿತಿ ಕೇಬಲ್ ಮೂಲಕ ಕಂಪ್ಯೂಟರ್ ತಲುಪುವುದೇ ತಡವಾಗುತ್ತಿತ್ತು.

ಏನಿದು ದೋಷ?

ಕಥೆ ಶುರುವಾಗುವುದು ಇದಕ್ಕೂ ಹಿಂದಿನ ವಿಕ್-20 ಕಂಪ್ಯೂಟರ್‌ನಿಂದ. ಅದರಲ್ಲಿದ್ದ 6522 ಚಿಪ್‌ನೊಳಗೆ ಶಿಫ್ಟ್ ರಿಜಿಸ್ಟರ್ ಎಂಬ ಭಾಗವಿದೆ. ಒಂದೊಂದಾಗಿ ಬರುವ ಎಂಟು ಬಿಟ್‌ಗಳನ್ನು ಸೇರಿಸಿ ಒಂದು ಬೈಟ್ ಮಾಡಿಕೊಡುವುದು ಅದರ ಕೆಲಸ. ಅಷ್ಟು ಹೊತ್ತು ಪ್ರೊಸೆಸರ್ ತನ್ನ ಪಾಡಿಗೆ ತಾನಿರಬಹುದು. ಆದರೆ ಹೊರಗಿನಿಂದ ಬರುವ ಕ್ಲಾಕ್ ಸಂಕೇತ ಚಿಪ್‌ನ ಸ್ವಂತ ಕ್ಲಾಕ್ ಬದಲಾಗುವ ಕ್ಷಣಕ್ಕೇ ಬಂದರೆ ಒಂದು ಬಿಟ್ ತಪ್ಪಿಹೋಗುತ್ತಿತ್ತು. ಒಂದು ತಪ್ಪಿದರೆ ಮುಂದಿನದ್ದೆಲ್ಲ ಅಸ್ತವ್ಯಸ್ತ. ವಿಪರ್ಯಾಸವೆಂದರೆ, ಈ ಚಿಪ್ ರೂಪಿಸಿದ ಮಾಸ್ ಟೆಕ್ನಾಲಜಿ 1976ರಿಂದಲೂ ಕಮೊಡೊರ್‌ನ ಒಡೆತನದಲ್ಲೇ ಇತ್ತು!

ಕೊನೆಗೆ ಒಂದೊಂದು ಬಿಟ್ಟನ್ನೂ ಎಣಿಸಿ ಸಾಗಿಸುವ ಹೊರೆ ಸಾಫ್ಟ್‌ವೇರ್ ಮೇಲೆ ಬಿತ್ತು.

ಕಮೊಡೊರ್ 64ರಲ್ಲಿದ್ದ ಹೊಸ 6526 ಚಿಪ್‌ನಲ್ಲಿ ಈ ದೋಷ ಇರಲಿಲ್ಲ. ಆದರೂ ಹಳೆಯ ಸಾಧನಗಳಿಗೆ ಹೊಂದಿಕೆಯಾಗಬೇಕೆಂದು ಹಳೆಯ ನಿಧಾನದ ಪದ್ಧತಿಯೇ ಮುಂದುವರಿಯಿತು. ಸಾಲದೆಂಬಂತೆ, ಪರದೆಯ ಚಿತ್ರ ಮೂಡಿಸುವ ವಿಕ್-2 ಚಿಪ್ ಪ್ರತಿ ಎಂಟನೇ ಗೆರೆಗೊಮ್ಮೆ ಪ್ರೊಸೆಸರನ್ನು ಸುಮಾರು 40 ಮೈಕ್ರೊಸೆಕೆಂಡ್ ತಡೆದು ನಿಲ್ಲಿಸುತ್ತಿತ್ತು. ಅಷ್ಟರಲ್ಲಿ ಬಿಟ್ ಕೈತಪ್ಪಬಾರದೆಂದು, ವಿಕ್-20ಕ್ಕೆ 20 ಮೈಕ್ರೊಸೆಕೆಂಡ್ ಸಾಕಾಗಿದ್ದ ಬಿಟ್ ಅವಧಿಯನ್ನು 60ಕ್ಕೆ ಏರಿಸಲಾಯಿತು. ಹಳೆಯ 1540 ಡ್ರೈವ್ ಜೋಡಿಸಿದವರು ಲೋಡ್ ಆಗುವಷ್ಟು ಹೊತ್ತು ಪರದೆಯನ್ನೇ ಖಾಲಿ ಬಿಡಬೇಕಿತ್ತು.

ಪರಿಹಾರ ಬಂದದ್ದು ಹೊರಗಿನವರಿಂದ. 1541ರೊಳಗೂ ಒಂದು 6502 ಪ್ರೊಸೆಸರ್, 2 ಕೆಬಿ ಮೆಮೊರಿ ಇತ್ತು. ಒಂದರ್ಥದಲ್ಲಿ ಡ್ರೈವೇ ಇನ್ನೊಂದು ಕಂಪ್ಯೂಟರ್. ಎಪಿಕ್ಸ್ ಫಾಸ್ಟ್‌ಲೋಡ್‌ನಂತಹ ಕಾರ್ಟ್ರಿಜ್‌ಗಳು ಆ ಮೆಮೊರಿಗೆ ತಮ್ಮದೇ ಪ್ರೋಗ್ರಾಂ ತುಂಬಿ, ಕ್ಲಾಕ್ ಮತ್ತು ಡೇಟಾ ತಂತಿಗಳೆರಡರಲ್ಲೂ ಒಟ್ಟಿಗೆ ಬಿಟ್ ಕಳಿಸಿ ವೇಗವನ್ನು ಹಲವು ಪಟ್ಟು ಹೆಚ್ಚಿಸಿದವು.

ಕಮೊಡೊರ್ ಸ್ವತಃ ಶಿಫ್ಟ್ ರಿಜಿಸ್ಟರ್ ಬಳಸಿದ್ದು 1985ರ ಕಮೊಡೊರ್ 128 ಮತ್ತು 1571 ಡ್ರೈವ್ ಜೋಡಿಯಲ್ಲಿ. ಅದೇ 1571ನ್ನು ಕಮೊಡೊರ್ 64ಕ್ಕೆ ಜೋಡಿಸಿದರೆ ಮತ್ತೆ ಹಳೆಯ ವೇಗವೇ.